ಮಗ್ಗುಲು

ಹಾಲೆ ಊರು, ಎಂಬತ್ತೇಳರ ಫೆಬ್ರುವರಿ.
ಕಿಟಕಿಯಂಚಿಗೆ ಕಂದು ಕಲ್ಲಿದ್ದಲ ಬೂದಿ.
ಒಳಗೆ ರೋಸ್‌ವಿತಾ ಲೀಬ್ಷರ್
ಮಖಮಲ್ಲು ಸುತ್ತಿದ ಉರುಳೆಯಿಂದ
ಗಾಜನ್ನು ಒಂದೇ ದಿಕ್ಕಿಗೆ ಉಜ್ಜುತ್ತಾಳೆ
ಬೆಕ್ಕಿನ ಬೆನ್ನು ಸವರಿದ ಹಾಗೆ.
"ಹಿಂದಕ್ಕೆ ಮಾತ್ರ ಎಳೆಯಬೇಡ,
ಗಾಜಿಗೂ ರೋಮವಿದೆ."

ಎರಡು ಗಾಜು, ನಡುವೆ ಎರಡು ಮೈಕ್ರಾನ್ ಸಂದು:
ಕೂದಲೆಳೆಯನ್ನು ಮೂವತ್ತಾಗಿ ಸೀಳಿದರೆ ಉಳಿಯುವಷ್ಟು.
ಕಾಯಿಸಿದ ಹನಿ ಅದರೊಳಗೆ ತಾನೇ ತೆವಳುತ್ತದೆ.
ಐದು ನಿಮಿಷಕ್ಕೊಂದು ಡಿಗ್ರಿ ತಣಿಸುತ್ತ
ಅವಳು ಹೆಣೆಯುತ್ತಾಳೆ, ಮೊಮ್ಮಗಳ ಕಾಲುಚೀಲ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.
ಅಡ್ಡಕ್ಕೊಂದು ಉದ್ದಕ್ಕೊಂದು ಪೋಲರಾಯ್ಡ್ ಹಾಳೆ,
ನಡುವೆ ಕತ್ತಲೆ. ಪದರ ಪದರವಾಗಿ ಮಲಗಿದ ಅಣುಗಳು
ಒಂದೇ ಚಾಪೆಯ ಮೇಲೆ, ಒಂದೇ ಮಗ್ಗುಲಾಗಿ.
ಪ್ಲಸ್ ಹತ್ತು ವೋಲ್ಟ್, ಅಂದಳು. ಗುಂಡಿ ಒತ್ತಿದೆ.
ರೆಪ್ಪೆ ಬಡಿಯಲು ಯೋಚಿಸುವ ಮೊದಲೇ
ಇಡೀ ಚಾಪೆ ಮಗ್ಗುಲು ಬದಲಿಸಿತ್ತು.
ಬೆಳಕು; ತುಸು ಹಳದಿ ತಾಗಿದ ಬಿಳಿ.

"ಈಗ ತಂತಿ ಕೀಳು." ಕಿತ್ತೆ.
ಬೆಳಕು ಆರಲಿಲ್ಲ.
ಗಾಳಿಗೆ ಬಾಗುವ ಪೈರು ನೋಡಿದ್ದೆ,
ಗಾಳಿ ನಿಂತರೆ ನೆಟ್ಟಗಾಗುವುದನ್ನೂ;
ಇದು ಗಾಳಿ ಹೋದ ಮೇಲೂ
ಬಾಗಿದ್ದನ್ನೇ ನೆಟ್ಟಗೆಂದು ನಂಬಿ ನಿಂತ ಪೈರು.
ಎದುರುಗಾಳಿಯೇ ಬರಬೇಕು, ಅದೂ ಸಾಕಷ್ಟು ಬರಬೇಕು.
ಅರೆಮನಸ್ಸಿನ ಮೈನಸ್ಸಿಗೆ ಜಗ್ಗದು.

ಖುಷಿಗೆ ಬುದ್ಧಿ ಕಡಿಮೆ. ಬೆರಳಿಟ್ಟು ತೋರಿಸಲು ಹೋದೆ
(ಮುಟ್ಟಿದ್ದಷ್ಟೇ, ಒತ್ತಲಿಲ್ಲ, ಇವತ್ತಿಗೂ ವಾದಿಸುತ್ತೇನೆ).
ಒಳಗೆ ಪದರಗಳು ಸರಿದು
ಅಂಕುಡೊಂಕು ಗೆರೆಗಳೆದ್ದವು.
ಅಲ್ಲಿಂದಾಚೆಗೆ ಪ್ಲಸ್ಸಿಗೂ ಕದಲದು, ಮೈನಸ್ಸಿಗೂ ಕದಲದು.
ಮೂರು ದಿನದ ಕೆಲಸ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಕನ್ನಡಕ ಒರೆಸಿಕೊಂಡು ಪುಟ್ಟ ಒಲೆಯ ತಿರುಪು ತಿರುಗಿಸಿದಳು.
ತೊಂಬತ್ತು, ನೂರು, ನೂರಹತ್ತು.
ಪದರ ಕರಗಿ, ಮಗ್ಗುಲು ಕರಗಿ,
ಎಡ ಯಾವುದು ಬಲ ಯಾವುದು ಎಂಬುದೂ ಕರಗಿ
ಬರೀ ಕಪ್ಪು.
"ನೆನಪಿಡುವುದಕ್ಕೆ ಹತ್ತು ವೋಲ್ಟ್ ಸಾಕು," ಅಂದಳು,
"ಮರೆಸುವುದಕ್ಕೆ ಕಾಯಿಸಲೇಬೇಕು.
ಹೋಗು, ಕಾಫಿಗಿಡು."

ಮತ್ತೆ ಐದು ನಿಮಿಷಕ್ಕೊಂದು ಡಿಗ್ರಿ.
ನಸುಕಿನ ನಾಲ್ಕಕ್ಕೆ, ಮೊದಲ ಟ್ರಾಮಿನ ಕಿರುಚಿಗೆ
ಬೆಂಚಿನ ಮೇಲೆ ನಾನು ಮಗ್ಗುಲು ಬದಲಿಸಿದೆ.
ಹನಿ ಇನ್ನೂ ತಣಿಯುತ್ತಿತ್ತು.
ಕಾಲುಚೀಲ ಹಿಮ್ಮಡಿಯವರೆಗೆ ಬಂದಿತ್ತು.