ಎರಡು ಡಾಲರ್ ವಜಾ

ಆಗ್ಡೆನ್ ಊರಿನ ಅರ್ಧ ಚಾವಣಿಗಳನ್ನು
ನನ್ನ ಗಂಡ ತನ್ನ ಅಂಗೈಯ ಹಾಗೆ ಬಲ್ಲ.
ಯಾವ ಮನೆಯ ಹಂಚು ಸಡಿಲ,
ಯಾರ ಚಿಮಣಿಯ ಬುಡದಲ್ಲಿ ಕಣಜದ ಗೂಡು,
ಯಾವ ಡಾಕ್ಟರನ ಹೆಂಡತಿಗೆ ಬಿಳಿ ದೀಪವೇ ಆಗಬೇಕು,
ಬಣ್ಣದ್ದು ಕಂಡರೆ ತಲೆನೋವು.
ಇಪ್ಪತ್ತೆರಡು ಚಳಿಗಾಲ
ಅಕ್ಟೋಬರ್ ಮುಗಿಯುವ ಮುಂಚೆ ಏಣಿ ಹೊತ್ತು ಹೋಗಿ
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ
ಬೆರಳು ಸೆಟೆದು ಮನೆಗೆ ಬರುತ್ತಿದ್ದ.

ನಮ್ಮ ಮನೆಗೆ?
ನಮ್ಮ ಮನೆಗೆ ನಾಳೆ.

ಬೀದಿಯ ತುದಿಯಿಂದ ನೋಡಿದರೆ
ಹೊಳೆಯುವ ಸಾಲಿನಲ್ಲಿ ಬಿದ್ದುಹೋದ ಒಂದು ಹಲ್ಲು,
ಅದು ನಮ್ಮದು.
ಅಂಚೆಯವಳು ಒಮ್ಮೆ ಮೆತ್ತಗೆ ಕೇಳಿದ್ದಳು,
ನೀವು ಹಬ್ಬ ಮಾಡೋದಿಲ್ವಾ?

ಈ ವರ್ಷ ಮಂಡಿ ಹೋಯಿತು.
ಚಾವಣಿಯಿಂದ ಬಿದ್ದಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು;
ಬಚ್ಚಲಲ್ಲಿ, ಸೋಪಿನ ಚೂರಿನ ಮೇಲೆ ಕಾಲಿಟ್ಟು.
ಏಣಿಗಳನ್ನು ಮಾರಿದೆವು.
ಉದ್ದದ್ದಕ್ಕೆ ಒಳ್ಳೇ ಬೆಲೆ ಬಂತು.

ಶಾಲೆಯ ಅಡುಗೆಮನೆಯಲ್ಲಿ ದುಡಿದದ್ದರಲ್ಲಿ
ಒಂದಿಷ್ಟು ಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ದೆ,
ಹಲ್ಲು ಕಟ್ಟಿಸಲು ಅಂತ.
ಅವನಿಗೆ ಹೇಳದೆ ಫೋನು ಮಾಡಿದೆ.

ಬಂದವನು ಫೆಲೇಟಿ. ಟೋಂಗಾದ ಹುಡುಗ,
ನಮ್ಮ ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ.
ಲಮಾರ್ ನನ್ನ ಮೇಲೆ ಕೂಗಾಡಲಿಲ್ಲ.
ಕೂಗಾಡಿದ್ದರೆ ಒಳ್ಳೆಯದಿತ್ತು.
ಕೋಟು ಹಾಕಿ, ಊರುಗೋಲು ಹಿಡಿದು,
ಹಿಮದಲ್ಲಿ ಮಡಿಸುವ ಕುರ್ಚಿ ಹಾಕಿಸಿಕೊಂಡು ಕೂತ.

ಕ್ಲಿಪ್ಪು ತಗಡಿನ ದೋಣಿಗೆ ಹಾಕು, ಹಂಚಿಗಲ್ಲ.
ಸರಿ ಸರ್.
ತಂತಿ ಬಿಗಿ ಎಳೀಬೇಡ, ಚಳಿಗೆ ತಾನೇ ಬಿಗಿಯುತ್ತೆ.
ಸರಿ ಸರ್.
ನಿಮ್ಮ ಯಜಮಾನ ವಾರಿಕ್ ತಾನೇ?
ಅವನಿಗೆ ಏಣಿ ಹಿಡಿಯೋದು ಕಲಿಸಿದ್ದು ನಾನು.
ಮೇಲಿನಿಂದ ಉತ್ತರವಿಲ್ಲ.
ಆಮೇಲೆ,
ಸರ್, ಇಲ್ಲಿ ಆಗಲೇ ನಾಲ್ಕು ಕ್ಲಿಪ್ಪು ಇವೆ.

ಉತ್ತರದ ಮೂಲೆ. ನನಗೂ ಮರೆತಿತ್ತು.
ಹದಿನೆಂಟು ವರ್ಷದ ಹಿಂದೆ, ಥ್ಯಾಂಕ್ಸ್‌ಗಿವಿಂಗ್ ಊಟ ಮುಗಿಸಿ
ಇವತ್ತು ಕಟ್ಟಿಯೇ ಬಿಡುತ್ತೇನೆ ಅಂತ ಹತ್ತಿದ್ದ.
ನಾಲ್ಕು ಹಾಕುವಷ್ಟರಲ್ಲಿ ಫೋನು:
ಬೆಟ್ಟದ ಮೇಲಿನ ದೊಡ್ಡ ಮನೆಯಲ್ಲಿ ಫ್ಯೂಸು ಹೋಗಿದೆ,
ನೆಂಟರು ಬರುವ ಹೊತ್ತು.
ಕೆಳಗೆ ಏಣಿ ಹಿಡಿದು ನಿಂತಿದ್ದವಳು ನಾನು.
ಇಳಿದವನು ಏಣಿಯನ್ನೂ ತೆಗೆದುಕೊಂಡು ಹೋದ.
ನನ್ನ ಕೈ ಸ್ವಲ್ಪ ಹೊತ್ತು
ಹಿಡಿದದ್ದು ಹಿಡಿದ ಹಾಗೇ ಇತ್ತು.

ಕಿತ್ತು ಹಾಕಲಾ? ಅಂದ ಹುಡುಗ.
ಲಮಾರ್ ಊರುಗೋಲಿನಿಂದ ಹಿಮದಲ್ಲಿ ಏನೋ ಗೀಚುತ್ತಿದ್ದ.
ಗಟ್ಟಿ ಇವೆಯಾ?
ಇವೆ ಸರ್. ಅಲ್ಲಾಡ್ತಾನೂ ಇಲ್ಲ.

ಮೂರು ಗಂಟೆ ಹಿಡಿಯಿತು. ಕೆಂಪು, ಹಸಿರು, ಕಿತ್ತಳೆ, ನೀಲಿ.
ಬಣ್ಣದ್ದೇ ಹಾಕು ಅಂದಿದ್ದೆ,
ನಮ್ಮ ಮನೇಲಿ ಯಾರಿಗೂ ತಲೆನೋವಿಲ್ಲ.
ಬಿಸಿ ಕೋಕೋ ಕೊಟ್ಟೆ, ಲೋಟ
ಅವನ ಅಂಗೈಯೊಳಗೆ ಕಾಣದೇ ಹೋಯಿತು.
ನಿಮ್ಮ ಮನೆಗೆ ಯಾವಾಗ ಕಟ್ಟುತ್ತೀ?
ನಕ್ಕ. ಆ ನಗು ನನಗೆ ಗೊತ್ತು.
ಅಮ್ಮನೂ ದಿನಾ ಕೇಳ್ತಾಳೆ, ಅಂದ.

ಕತ್ತಲಾಯಿತು. ಸ್ವಿಚ್ಚು ಒತ್ತಿದೆ.
ಎದುರು ಮನೆಯವರು ಪರದೆ ಸರಿಸಿ ನೋಡಿದರು.
ಲಮಾರ್ ಮಾತಾಡಲಿಲ್ಲ,
ಬಲಗಡೆಯಿಂದ ಬಲ್ಬು ಎಣಿಸತೊಡಗಿದ, ಹಳೇ ಚಾಳಿ.
ಉತ್ತರದ ಮೂಲೆಗೆ ಬಂದು ಲೆಕ್ಕ ತಪ್ಪಿತು.
ಮತ್ತೆ ಮೊದಲಿನಿಂದ.
ಮತ್ತೆ ಅಲ್ಲೇ ತಪ್ಪಿತು.

ಬಿಲ್ಲು ಬಾಗಿಲ ಸಂದಿಯಲ್ಲಿತ್ತು.
ನೂರ ಎಂಬತ್ತು ಅಡಿ, ಕೂಲಿ, ಜನವರಿಯಲ್ಲಿ ಬಿಚ್ಚುವುದೂ ಸೇರಿ
ಆರುನೂರ ನಲವತ್ತು.
ಅದರ ಕೆಳಗೆ ಪೆನ್ಸಿಲಿನಲ್ಲಿ, ಶಾಲೆ ಹುಡುಗರ ದುಂಡಕ್ಷರ:
ಹಳೇ ಕ್ಲಿಪ್ಪು ನಾಲ್ಕು, ಮನೆಯವರದೇ.
ಎರಡು ಡಾಲರ್ ವಜಾ.

ಲಮಾರ್ ಕನ್ನಡಕ ಏರಿಸಿ ಓದಿದ.
ಕ್ಲಿಪ್ಪಿಗೆ ಮೂವತ್ತು ಸೆಂಟು ಕಣೇ, ಜಾಸ್ತಿ ಕಳೆದಿದ್ದಾನೆ, ಅಂದ,
ಇವನೆಲ್ಲಿ ದುಡ್ಡು ಮಾಡ್ತಾನೆ.
ಬಿಲ್ಲು ಮಡಿಸಿ ಅಂಗಿ ಜೇಬಿಗಿಟ್ಟುಕೊಂಡ.
ಆ ಕುರ್ಚಿ ಇನ್ನೊಂದು ಸಲ ಹೊರಗೆ ಹಾಕು, ಅಂದ.