ಮೂಲೆಯ ಅಕ್ಷರ

ಹೊತ್ತು ತಂದವನು ನಾನು, ಅದಕ್ಕೇ ಹೇಳುತ್ತೇನೆ:
ಐವತ್ತೈದು ಇಂಚು. ಮಲಗಿಸಿ ತರುವಂತಿಲ್ಲ,
ನಿಲ್ಲಿಸಿಯೇ ತರಬೇಕು, ಮೆರವಣಿಗೆಯ ಮಾತೆಯ ಪಟದ ಹಾಗೆ.
ತೊರುನ್ ಊರಿನ ಟ್ರಾಮು, ಜನವರಿಯ ಸಂಜೆ,
ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಯಾದ್ವಿಗಾಳ ಕೈಯಲ್ಲಿ.
ತಪಾಸಣೆಯವನು ಕೇಳಿದ, ಇದಕ್ಕೂ ಟಿಕೆಟ್ ಇದೆಯೇ?
ನಿಂತೇ ಬರುತ್ತಿದೆಯಲ್ಲಪ್ಪ, ಯಾರ ಸೀಟು ಹಿಡಿದಿದೆ, ಅಂದಳು.

ಅವಳ ಮಾತೇ ಹಾಗೆ.
ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಗುಂಡಿ ಎಣಿಸಿದವಳು.
ಒಂದು ಜ್ವೋತಿ ಕೊಡುವಾಗಲೂ
ಹಿಂದೆ ಮುಂದೆ ತಿರುಗಿಸಿ ನೋಡಿ ಕೊಡುವವಳು.

ಬೇಟೆ ಶುರುವಾದದ್ದು ಅಕ್ಟೋಬರಿನಲ್ಲಿ.
ಜೆನೋನನ ಕಣ್ಣಿನ ನಟ್ಟನಡುವೆ ಮಬ್ಬು ಕೂತಿದೆ,
ಏಳುವ ಪೈಕಿ ಅಲ್ಲ, ಅಂದಿದ್ದರು ಡಾಕ್ಟರು.
ದೊಡ್ಡ ಪರದೆ, ಸ್ಪಷ್ಟ ಚಿತ್ರ ಇದ್ದರೆ
ಅಂಚಿನಿಂದಲಾದರೂ ನೋಡಿಯಾನು.
ಸ್ಕೀ ಕಟ್ಟಿ ಹಿಮದ ಜಾರಿನಿಂದ ಹಾರುವ ಹುಡುಗರನ್ನು
ಒಂದು ಚಳಿಗಾಲವೂ ತಪ್ಪಿಸಿದವನಲ್ಲ ಅವನು.
ಈಗ ಆಕಾಶ ಕಾಣುತ್ತದೆ, ಜನರ ಬಾವುಟ ಕಾಣುತ್ತದೆ,
ಹಾರುವವನು ಮಾತ್ರ ಇಲ್ಲ.

ಯಾದ್ವಿಗಾ ನೋಟುಬುಕ್ಕಿನಲ್ಲಿ ಗೆರೆ ಎಳೆದಳು.
ಮೂರು ಅಂಗಡಿ, ಮೂರು ಕಂಬಸಾಲು, ವಾರಕ್ಕೊಮ್ಮೆ ಬೆಲೆ.
ನವೆಂಬರಿನ ಕಪ್ಪು ಶುಕ್ರವಾರ ಊರಿಗೆ ಊರೇ ನುಗ್ಗಿದಾಗ
ಇವಳು ಅಡುಗೆಮನೆಯಲ್ಲಿ ಕೂತು ನಕ್ಕಳು:
ಮೊದಲು ಇನ್ನೂರು ಏರಿಸಿದರು, ಆಮೇಲೆ ಇನ್ನೂರು ಇಳಿಸಿದರು,
ಈ ಇಳಿಕೆಯನ್ನು ನಾಲ್ಕನೇ ಮಹಡಿಯ ನನ್ನ ಮೊಣಕಾಲಿಗೆ ಹೇಳಲಿ.
ಕ್ರಿಸ್ಮಸ್ಸಿಗೆ ಕಾರ್ಪ್ ಮೀನಿನ ಬಾಲದ ತುಂಡು ತಂದಳು.
ಉಳಿದದ್ದು ನೋಟುಬುಕ್ಕಿಗೆ ಹೋಯಿತು.

ಜನವರಿಯಲ್ಲಿ ಹೊಸ ಮಾದರಿ ಬಂದವು.
ಗೋಡೆಯ ಮೇಲೆ ವರ್ಷವಿಡೀ ಉರಿದ ಹಳೆಯದನ್ನು
ಇಳಿಸಬೇಕಿತ್ತು. ಕಾತ್ಸ್ಪೆರ್ ಎಂಬ ಹುಡುಗ,
ಗಡ್ಡ ಇನ್ನೂ ಪೂರಾ ಬಂದಿಲ್ಲ, ಸುಳ್ಳು ಹೇಳಲು ಕಲಿತಿಲ್ಲ,
ಪರದೆಯನ್ನು ಬೆಳ್ಳಗೆ ಮಾಡಿ ತೋರಿಸಿದ:
ನೋಡಿ ಅಜ್ಜಿ, ಇಲ್ಲಿ, ಬಲಕ್ಕೆ, ಮೇಲೆ.
ದಿನಕ್ಕೆ ಹನ್ನೆರಡು ಗಂಟೆ ಒಂದೇ ಪದ ಉರಿದೂ ಉರಿದೂ
ಗಾಜಿನ ಮೈಯಲ್ಲಿ ಹಚ್ಚೆಯಾಗಿ ಕೂತಿತ್ತು:
ಪ್ರೊಮೋತ್ಸ್ಯಾ. ರಿಯಾಯಿತಿ ಮಾರಾಟ.

ಅರ್ಧ ಬೆಲೆ, ಅಂದ. ಹಚ್ಚೆಗೆ ಇನ್ನಷ್ಟು ಕಳೆ, ಅಂದಳು.
ರಿಮೋಟು ಕಳೆದಿದೆ, ಅದಕ್ಕೂ.
ಪೆಟ್ಟಿಗೆಯಿಲ್ಲ, ಅದಕ್ಕೂ.
ಮ್ಯಾನೇಜರು ಬಂದ, ಹೋದ, ಮತ್ತೆ ಬಂದ.
ಹೊರಗೆ ಬಂದು ನನ್ನ ಕಿವಿಯಲ್ಲಿ ಅಂದಳು:
ಅವನಿಗೆಲ್ಲಿ ಕಾಣಬೇಕು ಬಿಡು.

ಗಂಡನ ಕಣ್ಣನ್ನೂ ಲೆಕ್ಕಕ್ಕೆ ಹಿಡಿದಿದ್ದಳು, ರಿಮೋಟಿನ ಪಕ್ಕ.
ಅಂದಮೇಲೆ ಟ್ರಾಮು ಇಳಿಯುವವರೆಗೆ ಮಾತಾಡಲಿಲ್ಲ.

ಭಾನುವಾರ ಮೂವರೂ ಕೂತೆವು. ಚಹಾ, ಶುಂಠಿ ಬಿಸ್ಕತ್ತು.
ಪರದೆಯ ತುಂಬ ಹಿಮ. ಆ ಬಿಳಿಯ ಮೇಲೆ
ಪದ ಎದ್ದು ಕೂತಿತು. ನಾನು ನೋಡದವನಂತೆ ಬಿಸ್ಕತ್ತು ಮುರಿದೆ.
ಜೆನೋನ್ ಕೋಳಿಯ ಹಾಗೆ ಕತ್ತು ಓರೆ ಮಾಡಿದ,
ನಡುವನ್ನು ಬಿಟ್ಟು ಅಂಚಿನಿಂದ ಹಿಡಿಯುವುದು ಅವನ ಹೊಸ ವಿದ್ಯೆ.

ಯಾದ್ವಿಗಾ, ಅಂದ.
ಹುಡುಗ ಕಾಣುತ್ತಿಲ್ಲ. ಆದರೆ ಮೂಲೆಯಲ್ಲಿ ಏನೋ ಬರೆದಿದೆಯಲ್ಲ.
ಒಂದೊಂದೇ ಅಕ್ಷರ, ಶಾಲೆಯ ಮಗುವಿನ ಹಾಗೆ,
ಪ್ರೊ, ಮೋ, ತ್ಸ್ಯಾ.
ಎರಡು ವರ್ಷದಲ್ಲಿ ಅವನು ಓದಿದ ಮೊದಲ ಪದ.

ಅವಳ ಕೈಯ ಲೋಟ ತಟ್ಟೆಗೆ ತಾಗಿ ಸದ್ದಾಯಿತು.
ಹೇಳಲು ಬಾಯಿ ತೆರೆದಳು, ಮುಚ್ಚಿದಳು.
ಮೂವತ್ತೊಂದು ವರ್ಷದ ಗುಂಡಿಗಳಲ್ಲಿ ಒಂದು
ಲೆಕ್ಕ ತಪ್ಪಿದ ಮುಖ.

ಎಷ್ಟು ಕಳೆಸಿದೆ? ಅವನು ಕೇಳಿದ.
ಹೇಳಿದಳು.
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಪರದೆಯ ಹುಡುಗ
ಇನ್ನೂ ನೆಲ ಮುಟ್ಟಿರಲಿಲ್ಲ.
ಪದ ಇಷ್ಟು ದೊಡ್ಡದಿದೆ, ಅಂದ,
ಇನ್ನೂ ನೂರು ಕೇಳಬೇಕಿತ್ತು.