ಮೌನದ ಅಚ್ಚು

ಗಡಿಯಾರ, ಉಂಗುರ, ಕಿವಿಯ ಓಲೆ, ಹಲ್ಲುಕಟ್ಟು,
ಎಲ್ಲ ತಟ್ಟೆಗೆ.
ಸೊಂಟದಲ್ಲಿ ಸ್ಕ್ರೂ? ಎದೆಯಲ್ಲಿ ಯಂತ್ರ?
"ಇಲ್ಲ. ಹೆಬ್ಬೆರಳೊಳಗೆ ಉಕ್ಕಿನ ಚೂರೊಂದು ಇರಬಹುದು,
ಐವತ್ತು ವರ್ಷದ ಹಿಂದಿನದು,"
ಎಂದರು ಗುಂಡುಲಾ ಪೆಟ್ಸೋಲ್ಡ್, ವಯಸ್ಸು ಎಪ್ಪತ್ತಾರು.
ಎಕ್ಸ್‌ರೇ ತೆಗೆಸಿದೆ. ಇರಲಿಲ್ಲ.
ಅವರಿಗೆ ಕೊಂಚ ಬೇಜಾರಾಯಿತು.

ಲೈಪ್ಸಿಗ್‌ನ ಫೆಬ್ರವರಿ. ಟ್ರಾಮ್ ಕಂಬಿಗಳ ಮೇಲೆ ಹಿಮದ ಹಿಟ್ಟು.
ನೆಲಮಾಳಿಗೆಯಲ್ಲಿ ನಮ್ಮ ಆಯಸ್ಕಾಂತದ ಪಂಪು
ದಮ್ಮು ಹತ್ತಿದವರ ಹಾಗೆ ಉಸಿರೆಳೆಯುತ್ತಿತ್ತು.

"ರಕ್ತ ತೆಗೆಯದೆ ರಕ್ತ ಅಳೆಯುತ್ತೀಯಾ, ಹುಡುಗಿ?"
ಸೂಜಿಯಿಲ್ಲ, ಬಣ್ಣದ ಮದ್ದಿಲ್ಲ, ಎಂದೆ.
ನಾನು ಮೂವತ್ನಾಲ್ಕರ ಹುಡುಗಿ. ಲಿಯೆನ್.
ಅಮ್ಮ ಹೈಫಾಂಗ್ ಬಿಟ್ಟು ಬಂದು ಇದೇ ಊರಿನ ಗಿರಣಿಯಲ್ಲಿ
ಹತ್ತಿ ನೂತವಳು. ಅವಳ ಲೆಕ್ಕ ಕಿಲೋದಲ್ಲಿ.
ನನ್ನದು ಹನಿಯಲ್ಲಿ:
ನೂರು ಗ್ರಾಂ ಮಿದುಳಿಗೆ ಒಂದು ಚಹಾ ಚಮಚದಷ್ಟು ನೆತ್ತರು,
ಅದರಲ್ಲಿ ಏರಿಳಿಯುವುದು ಇನ್ನೂ ಕಡಿಮೆ.

ವಿವರಿಸಿದೆ.
ನೀರಿನ ಕಣಕಣದಲ್ಲೂ ಒಂದು ಬುಗುರಿ ಇದೆ ಅಂದುಕೊಳ್ಳಿ.
ಒಂದೇ ತಟ್ಟಿಗೆ ಎಲ್ಲವನ್ನೂ ತಲೆಕೆಳಗು ಮಾಡುತ್ತೇವೆ.
ಆಮೇಲೆ ಮೆಲ್ಲಗೆ ಏಳುತ್ತವೆ,
ಮಿದುಳಿನವು ಬೇಗ, ನೆತ್ತರಿನವು ತಡವಾಗಿ.
ನೆತ್ತರು ಕೆಳಗೂ ಅಲ್ಲ, ಮೇಲೂ ಅಲ್ಲ,
ಸೊನ್ನೆಯ ಹೊಸ್ತಿಲು ದಾಟುವ ಒಂದು ಗಳಿಗೆ ಉಂಟು.
ಆಗ ಅದಕ್ಕೆ ದನಿಯೇ ಇಲ್ಲ.
ಆ ಗಳಿಗೆಯಲ್ಲಿ ಚಿತ್ರ ಹಿಡಿಯುತ್ತೇವೆ.
ಎಲ್ಲಿ ಎಷ್ಟು ಮಂಕಾಯಿತೋ
ಅಲ್ಲಿ ಅಷ್ಟು ನೆತ್ತರು ತುಂಬಿಕೊಂಡಿತು.

ಮುದುಕಿ ಎದ್ದು ಕೂತರು.
"ತಲೆಕೆಳಗು! ನಾನು ಜೀವಮಾನವಿಡೀ ಮಾಡಿದ್ದೂ ಅದನ್ನೇ.
ತವರದ ತಗಡಿನ ಮೇಲೆ ಸಂಗೀತ ಕೆತ್ತುತ್ತಿದ್ದೆ,
ಕನ್ನಡಿಯಲ್ಲಿ ಕಂಡ ಹಾಗೆ, ಬಲದಿಂದ ಎಡಕ್ಕೆ.
ಉಕ್ಕಿನ ಅಚ್ಚು, ಸುತ್ತಿಗೆ, ಒಂದೇ ಏಟು.
ಸ್ವರಕ್ಕೊಂದು ಅಚ್ಚು. ಮೌನಕ್ಕೂ ಒಂದು ಅಚ್ಚು, ಗೊತ್ತಾ?
ಹೊಸಬರು ಮೌನ ತಾನೇ ಅಂತ ಹಗುರಾಗಿ ಹೊಡೆಯುತ್ತಿದ್ದರು.
ಕಾಗದದಲ್ಲಿ ಮೂಡುತ್ತಲೇ ಇರಲಿಲ್ಲ.
ಪಿಟೀಲಿನವನು ಪಾಪ, ಹಳ್ಳ ಕಾಣದೆ ಬಿದ್ದ ಹಾಗೆ ಬೀಳುತ್ತಿದ್ದ."

ಮಲಗಿಸಿದೆ. ಕಿವಿಗೆ ಹತ್ತಿ, ತಲೆಯ ಎರಡು ಬದಿಗೂ ದಿಂಬು.
ಪರದೆಯ ಮೇಲೆ ಪದ ಬಂದಾಗ ಬೆರಳು ಬಡಿಯುವುದು,
ಅರ್ಧ ನಿಮಿಷ. ಆಮೇಲೆ ವಿಶ್ರಾಂತಿ, ಅರ್ಧ ನಿಮಿಷ.
ಹನ್ನೆರಡು ಸುತ್ತು.
ಯಂತ್ರ ತಗಡಂಗಡಿಯ ಹಾಗೆ ಬಡಿದುಕೊಂಡಿತು.

ಬಲಗೈ ಆಡಿತು, ಎಡ ಮಿದುಳಿನ ಮಡಿಕೆಯಲ್ಲಿ
ಉಗುರಂಚಿನಷ್ಟು ಮಬ್ಬು.
ಕೈ ನಿಂತಿತು. ಮಬ್ಬು ನಿಲ್ಲಲಿಲ್ಲ.
ನೆತ್ತರು ತಕ್ಷಣ ಮರಳುವುದಿಲ್ಲ, ಅದು ನನಗೆ ಗೊತ್ತು,
ಚಪ್ಪಲಿ ಮೆಟ್ಟಿಕೊಂಡೂ ಬಾಗಿಲಲ್ಲಿ ಮಾತು ಮುಗಿಸದ
ನೆಂಟರ ಜಾತಿ ಅದು.
ಆದರೆ ಇದು ಹೊರಡುವ ಮನಸ್ಸೇ ಇಲ್ಲದ್ದು.
ಹನ್ನೆರಡು ಸಲವೂ.

ಕ್ಯಾಮೆರಾದಲ್ಲಿ ನೋಡಿದೆ: ಬೆರಳು ಕದಲಿಲ್ಲ.

ಹೊರಗೆ ಬಂದಾಗ ಕೇಳಿದೆ,
ವಿಶ್ರಾಂತಿಯಲ್ಲಿ ಏನು ಮಾಡುತ್ತಿದ್ದಿರಿ?
"ಪೌಝೆ ಅಂತ ಬರೆದಿದ್ದೆಯಲ್ಲ.
ಒಂದೊಂದನ್ನೇ ಹೊಡೆಯುತ್ತಿದ್ದೆ, ಮನಸ್ಸಿನಲ್ಲಿ. ಆಳವಾಗಿ."

ಇಲ್ಲಿಯ ಮಾತಿನಲ್ಲಿ
ಸುಮ್ಮನಿರುವುದಕ್ಕೂ ಸ್ವರಗಳ ನಡುವಣ ಮೌನಕ್ಕೂ
ಅದೊಂದೇ ಪದ. ಪರದೆಗೆ ಹಾಕಿದವಳು ನಾನೇ.

ದಾಖಲೆಯಲ್ಲಿ ಬರೆದೆ: ಕೈ ಚಲನೆ ಇಲ್ಲ.
ಮುಂದೆ ಏನು ಬರೆಯಬೇಕೋ ತೋಚಲಿಲ್ಲ.
ಅಮ್ಮ ನಿದ್ದೆಯಲ್ಲಿ ಎಳೆಗೆ ಎಳೆ ಗಂಟು ಹಾಕುತ್ತಿದ್ದಳು,
ಗಿರಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ.
ಅದಕ್ಕೆ ಒಂದು ಖಾನೆ ಇಲ್ಲ ಆ ಹಾಳೆಯಲ್ಲಿ.

ಹಲ್ಲುಕಟ್ಟು ಹಾಕಿಕೊಂಡು, ಉಂಗುರ ತೊಟ್ಟು
ಮಿದುಳಿನ ಒಂದು ಪ್ರತಿ ಕೇಳಿದರು. ಕೊಟ್ಟೆ.
ಹಾಳೆ ಮಗುಚಿ, ದೀಪಕ್ಕೆ ಹಿಡಿದು, ಹಿಂದಿನಿಂದ ನೋಡಿದರು.
ನಮ್ಮ ಪದ್ಧತಿಯಲ್ಲಿ ಎಡ ಮಿದುಳು ಬಲಕ್ಕೆ ಕಾಣುತ್ತದೆ,
ನಾನದನ್ನು ಹೇಳಿರಲೇ ಇಲ್ಲ.
"ಹ್ಞಾ, ಈಗ ಸರಿ," ಎಂದರು.
ಹೆಬ್ಬೆರಳಿಂದ ಆ ಮಬ್ಬನ್ನು ಒರೆಸಿ ನೋಡಿ,
"ಏಟು ಸಾಲದು."